ಮೂರು ದಿನದ ಊರು

ಮೇಳಗಳಲ್ಲಿ ‘ಹಳ್ಳಿ’ ಹೇಗಿರುತ್ತದೆ ಅನ್ನುವುದು ನಿಮಗೆಲ್ಲ ಗೊತ್ತಿದ್ದದ್ದೇ. ಥರ್ಮೋಕೋಲಿನ ಕಮಾನು, ಅದಕ್ಕೆ ಬಳಿದ ಕೆಮ್ಮಣ್ಣಿನ ಬಣ್ಣ, ಪಕ್ಕದಲ್ಲಿ ಒರಗಿಸಿಟ್ಟ ಬಂಡಿಗಾಲಿ, ಎರಡು ಹುಲ್ಲಿನ ಹೊರೆ, ಮೇಲೊಂದು ಕಂದೀಲು. ಕಮಾನು ದಾಟಿ ಒಳಗೆ ಹೋದರೆ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಬಿಳಿ ಹಲಗೆಯ ಸ್ಟಾಲುಗಳು ಎರಡು ಸಾಲಾಗಿ ನಿಂತಿರುತ್ತವೆ, ನಡುವೆ ನೇರವಾದ ದಾರಿ. ಫೋಟೊ ಹೊಡೆಸಿಕೊಳ್ಳುವ ಜಾಗ ಮಾತ್ರ ಹಳ್ಳಿ, ಉಳಿದದ್ದೆಲ್ಲ ಬಸ್ ಸ್ಟ್ಯಾಂಡು.

ಇಂಥ ಮಂಟಪಗಳ ವಿನ್ಯಾಸ ಮಾಡುವುದು ನನ್ನ ಉದ್ಯೋಗ. ಪುಣೆಯ ಒಂದು ಕನ್ನಡ ಸಂಘದವರು ಜನವರಿಯಲ್ಲಿ ನಡೆಯುವ ಮೂರು ದಿನದ ಮೇಳಕ್ಕೆ ಉತ್ತರ ಕರ್ನಾಟಕದ ಹಳ್ಳಿಯೊಂದನ್ನು ಮಾಡಿಕೊಡಿ ಎಂದು ಕೇಳಿದಾಗ ನಾನು ಒಂದೇ ಷರತ್ತು ಹಾಕಿದೆ. ಹಳ್ಳಿಯ ಬಣ್ಣ ಬೇಡ, ಹಳ್ಳಿಯ ನಕ್ಷೆ ತಗೊಳ್ಳೋಣ. ಊರು ಯಾವ ಕ್ರಮದಲ್ಲಿ ಕೂತಿದೆ, ನಡೆಯುವವನಿಗೆ ಮೊದಲು ಏನು ಸಿಗುತ್ತದೆ, ಆಮೇಲೆ ಏನು, ಎಲ್ಲಿ ನಿಲ್ಲುತ್ತಾನೆ, ಅದನ್ನು ಕಟ್ಟೋಣ. ಕಾರ್ಯಕಾರಿ ಸಮಿತಿಯವರು ಖುಷಿಯಿಂದಲೇ ಒಪ್ಪಿದರು. ನಕ್ಷೆ ಅಂದರೆ ಅದರ ಜೊತೆಗೆ ಇನ್ನೇನೇನು ಬರುತ್ತದೆ ಎಂದು ಆಗ ಯಾರೂ ಮಾತಾಡಲಿಲ್ಲ.

ಜಾಗ 100 ಅಡಿ ಉದ್ದ, 60 ಅಡಿ ಅಗಲ. ಕಟ್ಟಲು ಐದು ದಿನ, ಬಿಚ್ಚಲು ಒಂದು ದಿನ. ನಾನು ಗದಗ ಜಿಲ್ಲೆಯವಳು. ನಮ್ಮ ಕಡೆಯ ಊರುಗಳ ರೂಪ ಕಣ್ಣು ಮುಚ್ಚಿದರೂ ಕಾಣುತ್ತದೆ. ಎರೆಹೊಲಗಳ ನಡುವೆ ಮನೆಗಳೆಲ್ಲ ಒಂದೇ ಕಡೆ ಗುಂಪಾಗಿ, ಒಂದರ ಗೋಡೆಗೆ ಇನ್ನೊಂದು ಆತು ನಿಂತಿರುತ್ತವೆ. ಊರೊಳಗೆ ಹೋಗಲು ಅಗಸಿ. ಅದರ ಹತ್ತಿರವೇ ಹನುಮಪ್ಪನ ಗುಡಿ, ಗುಡಿಯ ಮುಂದೆ ಕಟ್ಟೆ, ಬೇವಿನ ಮರ. ಒಳಗೆ ಚಾವಡಿ, ಗೌಡರದೋ ದೇಸಾಯರದೋ ವಾಡೆ, ಕೆಲವು ಊರುಗಳಲ್ಲಿ ಹಳೆಯ ಹುಡೇವು. ಇವೆಲ್ಲವನ್ನೂ ಜೋಡಿಸುವುದು ಸೊಟ್ಟಸೊಟ್ಟ ಓಣಿಗಳು.

ಓಣಿ ಸೊಟ್ಟ ಇರುವುದು ಚೆಂದಕ್ಕಲ್ಲ. ಮನೆಗಳನ್ನು ಯಾರೂ ಒಮ್ಮೆಲೇ ಕಟ್ಟಿದ್ದಲ್ಲ. ಅಣ್ಣತಮ್ಮಂದಿರು ಬೇರೆಯಾದಾಗ ಒಂದು ಗೋಡೆ, ಮಗನ ಮದುವೆಗೆ ಒಂದು ಪಡಸಾಲೆ, ಹೀಗೆ ಬೆಳೆದವು. ಬಂಡಿ ಹಾಯುವಷ್ಟು ಜಾಗ ಬಿಟ್ಟು ಮಿಕ್ಕದ್ದು ಮನೆ. ಅದರಿಂದ ಎರಡು ಲಾಭ ತಾನಾಗಿಯೇ ಆಗಿದೆ. ಮಟಮಟ ಮಧ್ಯಾಹ್ನ ಬಿಟ್ಟರೆ ಓಣಿಯ ಯಾವುದೋ ಒಂದು ಬದಿಗೆ ನೆರಳು ಇರುತ್ತದೆ. ಎರಡನೆಯದು, ನಡೆಯುವವರಿಗೆ ಕೊನೆ ಕಾಣುವುದಿಲ್ಲ. ಪ್ರದರ್ಶನ ಮಾಡುವವರಿಗೆ ಈ ಎರಡನೆಯದು ಬಂಗಾರ. ನೇರ ದಾರಿಯಲ್ಲಿ ಜನ ಬಾಗಿಲಲ್ಲೇ ನಿಂತು ಕೊನೆಯವರೆಗೆ ಕಣ್ಣು ಹಾಯಿಸುತ್ತಾರೆ, ‘ಇಷ್ಟೇ ಅಲ್ವಾ’ ಎಂದು ಊಟದ ಕಡೆ ತಿರುಗುತ್ತಾರೆ. ತಿರುವಿನಲ್ಲಿ ಒಂದು ಗೋಡೆ, ಅದರಾಚೆ ಸ್ವಲ್ಪ ಬೆಳಕು ಕಂಡರೆ ನಾಲ್ಕು ಹೆಜ್ಜೆ ಹೆಚ್ಚು ಹಾಕುತ್ತಾರೆ. ನಾನು ಓಣಿಯನ್ನು ಎಂಟು ಅಡಿ ಅಗಲ ಇಟ್ಟು, ಮೂರು ಕಡೆ ತಿರುಗಿಸಿ, ಕಟ್ಟೆಯ ಹತ್ತಿರ ಒಮ್ಮೆಲೇ ಬಯಲಾಗುವ ಹಾಗೆ ಬರೆದೆ.

ಹಳ್ಳಿಯಿಂದ ತರಲಾಗದ್ದೂ ಇತ್ತು. ಊರಲ್ಲಿ ಓಣಿ ಯಾರದೋ ಅಂಗಳದಲ್ಲಿ ಮುಗಿದು ಹೋಗಬಹುದು, ಮಂಟಪದಲ್ಲಿ ಹಾಗೆ ಮುಗಿಯಕೂಡದು. ಬೆಂಕಿ ಬಿದ್ದರೆ ಜನ ಅಲ್ಲಿ ಸಿಕ್ಕಿಕೊಳ್ಳುತ್ತಾರೆ. ತಾತ್ಕಾಲಿಕ ಮಂಟಪಗಳ ಬೆಂಕಿ ಸುರಕ್ಷತೆಗೆಂದೇ ಐ.ಎಸ್. 8758 ಎಂಬ ಭಾರತೀಯ ಮಾನಕ ಇದೆ. ಪೆಂಡಾಲು ಹಾಕಿಸುವ ಸಂಘದವರೆಲ್ಲ ಒಮ್ಮೆ ಓದಬೇಕಾದ್ದು, ಆದರೆ ಓದಿದವರನ್ನು ನಾನು ಕಂಡದ್ದು ಕಡಿಮೆ. ಅದಕ್ಕೆ ಪ್ರತಿ ತಿರುವಿನಲ್ಲೂ ಹೊರಗೆ ಹೋಗಲು ಒಂದು ಸಂದಿ ಬಿಟ್ಟೆವು. ನೈಲಾನ್ ಹಗ್ಗ, ಸಿಂಥೆಟಿಕ್ ಬಟ್ಟೆ ಬಿಟ್ಟು ಬಿದಿರು, ತೆಂಗಿನ ನಾರಿನ ಹಗ್ಗ, ಗೋಣಿತಟ್ಟು, ಹತ್ತಿ ಬಟ್ಟೆ ತಗೊಂಡೆವು. ಬಟ್ಟೆ, ತಟ್ಟುಗಳನ್ನು ಬೇಗ ಉರಿ ಹತ್ತದ ದ್ರಾವಣದಲ್ಲಿ ಅದ್ದಿ ಒಣಗಿಸಿದೆವು. ‘ರೊಟ್ಟಿ ಬಡಿಯೋ ಸಪ್ಪಳ ಮನಿಯೊಳಗಿಂದ ಬರ್ಬೇಕು’ ಎಂದು ಸಮಿತಿಯ ಒಬ್ಬರು ಹಟ ಹಿಡಿದಿದ್ದರು. ಒಲೆ ಮಂಟಪದಿಂದ ದೂರ, ಬಯಲಿಗೇ ಹೋಯಿತು. ಮಣ್ಣಿನ ಗೋಡೆಯ ಆಸೆಯನ್ನೂ ಬಿಟ್ಟೆ. ಐದು ದಿನದಲ್ಲಿ ಅದು ಒಣಗುವುದಿಲ್ಲ. ಪ್ಲೈವುಡ್ಡಿಗೆ ಮಣ್ಣಿನ ಬಣ್ಣ ಬಳಿಯುವುದಕ್ಕಿಂತ ಗೋಣಿತಟ್ಟು ಗೋಣಿತಟ್ಟಾಗಿಯೇ ಕಾಣಲಿ.

ಕೆಲಸ ಶುರುವಾದದ್ದು ಮರದಿಂದ. ಮೈದಾನದ ಅಂಚಿನಲ್ಲಿ ನಿಜವಾದ ಒಂದು ಬೇವಿನ ಮರ ಇತ್ತು. ಸಮಿತಿಯವರು ವೇದಿಕೆಗೆ ಅಡ್ಡ ಎಂದು ಅದರಿಂದ ದೂರ ಜಾಗ ಗುರುತಿಸಿದ್ದರು, ನಾನು ಹಟ ಮಾಡಿ ಮಂಟಪವನ್ನು ಅದರ ಬುಡಕ್ಕೆ ಎಳೆದೆ. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಮಧ್ಯಾಹ್ನದ ನೆರಳು ಮರದ ಉತ್ತರಕ್ಕೆ ಬೀಳುತ್ತದೆ, ಮೂರು ಗಂಟೆಯ ಹೊತ್ತಿಗೆ ಈಶಾನ್ಯಕ್ಕೆ ಸರಿಯುತ್ತದೆ. ಜನ ಹೆಚ್ಚು ಬರುವುದು ಆ ಹೊತ್ತಿಗೇ. ಹಾಗಾಗಿ ಕಟ್ಟೆಯನ್ನು ಮರದ ಸುತ್ತ ದುಂಡಗೆ ಮಾಡದೆ ಈಶಾನ್ಯಕ್ಕೆ ಉದ್ದ ಎಳೆದೆವು. ಎತ್ತರ ಒಂದೂವರೆ ಅಡಿ, ಕೂತವರ ಕಾಲು ನೆಲಕ್ಕೆ ಮುಟ್ಟುವಷ್ಟು. ಬೇರಿಗೆ ಪೆಟ್ಟಾಗಬಾರದೆಂದು ಅಲ್ಲಿ ಗುಂಡಿ ತೋಡಲಿಲ್ಲ, ಮರಕ್ಕೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಮರಳು ಚೀಲಗಳ ಭಾರದ ಮೇಲೆ ಕಟ್ಟೆ ನಿಂತಿತು.

ಮಂಟಪ ಕಟ್ಟಿದವರು ಗಣಪತಿ ಹಬ್ಬದಲ್ಲಿ ಪಳಗಿದ ಸೊಲ್ಲಾಪುರ ಕಡೆಯ ಮರಾಠಿ ಮೇಸ್ತ್ರಿ. ನನ್ನ ನಕ್ಷೆ ಬಿಡಿಸಿ ಒಂದೊಂದೇ ಹೇಳಹೊರಟರೆ ಅವರಿಗೆ ವಿವರಣೆಯೇ ಬೇಕಾಗಲಿಲ್ಲ. ಕಟ್ಟೆ ಅಂದರೆ ಅವರ ‘ಪಾರ್’, ಅಗಸಿ ಅಂದರೆ ‘ವೇಸ್’, ಕಾಳು ಹಾಕುವ ಹಗೇವು ಅವರ ‘ಪೇವ್’. ಚಾವಡಿಯಂತೂ ಎರಡೂ ಕಡೆ ಚಾವಡಿಯೇ. ಕೊನೆಗೆ ಅವರೇ ನಕ್ಷೆಯ ಅಗಸಿಯ ಹೊರಗೆ ನಾನು ಖಾಲಿ ಬಿಟ್ಟಿದ್ದ ಪಟ್ಟಿಯ ಮೇಲೆ ಬೆರಳಿಟ್ಟು, ‘ತಾಈ, ಹೇ ಗಾವ್‌ಕುಸಾಬಾಹೇರ್ ನಾ?’ ಎಂದು ಕೇಳಿದರು. ಊರಗೋಡೆಯ ಹೊರಗಿನದಲ್ಲವೇ ಇದು ಎಂದು. ಮರಾಠಿ ದಲಿತ ಸಾಹಿತ್ಯ ಓದಿದವರಿಗೆ ಆ ಮಾತಿನ ತೂಕ ಗೊತ್ತು.

ಆ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ದೆಹಲಿಯದೊಂದು ಕತೆ ಹೇಳಬೇಕು. ಹಳ್ಳಿಯನ್ನು ಮೇಳಕ್ಕೆ ತರುವ ಕೆಲಸ ನಮ್ಮದೇ ಮೊದಲೇನಲ್ಲ.

1972ರ ನವೆಂಬರಿನಲ್ಲಿ ದೆಹಲಿಯ ಪ್ರಗತಿ ಮೈದಾನದಲ್ಲಿ ‘ಏಷ್ಯಾ 72’ ಎಂಬ ದೊಡ್ಡ ವ್ಯಾಪಾರ ಮೇಳ ನಡೆಯಿತು. ಅದಕ್ಕಾಗಿ ವಾಸ್ತುಶಿಲ್ಪಿ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ ಕಾಂಕ್ರೀಟಿನ ‘ಹಾಲ್ ಆಫ್ ನೇಷನ್ಸ್’ ಕಟ್ಟಿದರು. ಅದೇ ಮೇಳದ ಇನ್ನೊಂದು ಭಾಗವಾಗಿ ಗ್ರಾಮೀಣ ಭಾರತ ಎಂಬ ವಿಷಯದ ಮೇಲೆ ಬೇರೆ ಬೇರೆ ರಾಜ್ಯಗಳ ಹಳ್ಳಿಮನೆ, ಅಂಗಳ, ಗುಡಿಗಳನ್ನು ತಾತ್ಕಾಲಿಕವಾಗಿ ಎಬ್ಬಿಸಿದ್ದರು. ಶಾಶ್ವತ ಎಂದು ಕಟ್ಟಿದ ಕಾಂಕ್ರೀಟಿನ ಹಾಲನ್ನು 2017ರ ಏಪ್ರಿಲಿನಲ್ಲಿ ಕೆಡವಿಹಾಕಿದರು. ಮೇಳ ಮುಗಿದ ಮೇಲೆ ಹೋಗಬೇಕಿದ್ದ ಹಳ್ಳಿ ಮಾತ್ರ ಉಳಿದು, ರಾಷ್ಟ್ರೀಯ ಕರಕುಶಲ ಸಂಗ್ರಹಾಲಯದ ಭಾಗವಾಯಿತು. ದೆಹಲಿಯ ಓದುಗರು ಪುರಾನಾ ಕಿಲಾದ ಎದುರು ಅದನ್ನು ಕಂಡಿರುತ್ತೀರಿ.

ಆ ಮನೆಗಳನ್ನು ಒಂದೊಂದಾಗಿ ನೋಡುವುದು ನನಗೆ ಇಷ್ಟ. ಆದರೆ ಎಲ್ಲ ಸೇರಿ ಊರು ಅನ್ನಿಸುವುದಿಲ್ಲ. ಒಂದು ರಾಜ್ಯದ ಮನೆಯ ಪಕ್ಕ ಇನ್ನೊಂದು ರಾಜ್ಯದ ಮನೆ, ನಡುವೆ ಹುಲ್ಲು. ನೆರೆಮನೆಯವರಿಲ್ಲ, ಹಂಚಿಕೊಂಡ ಗೋಡೆ ಇಲ್ಲ, ಓಣಿ ಇಲ್ಲ. ಊರಿನ ಕ್ರಮ ಕಾಣುವುದು ಅದರ ಪಕ್ಕದಲ್ಲೇ ಚಾರ್ಲ್ಸ್ ಕೊರಿಯಾ ಕಟ್ಟಿದ ಸಂಗ್ರಹಾಲಯದ ಕಟ್ಟಡದಲ್ಲಿ. ಅಲ್ಲಿ ಹಳ್ಳಿಯ ಹೆಂಚು, ಹುಲ್ಲಿನ ಅನುಕರಣೆಗಿಂತ ನಡಿಗೆಯ ಅನುಕರಣೆ ಹೆಚ್ಚು. ಅಂಗಳದಿಂದ ಅಂಗಳಕ್ಕೆ, ಬಿಸಿಲಿನಿಂದ ನೆರಳಿಗೆ ಓಣಿಯಲ್ಲಿ ಹೋದ ಹಾಗೆ ಹೋಗುತ್ತೀರಿ. ನನ್ನ ಷರತ್ತಿನ ಮೂಲ ಅದೇ. ಚೆನ್ನೈನವರಿಗೆ ಮುಟ್ಟುಕಾಡಿನ ದಕ್ಷಿಣಚಿತ್ರ ಗೊತ್ತಿರುತ್ತದೆ, ಅಲ್ಲಿ ನಮ್ಮ ಇಳಕಲ್ಲಿನ ನೇಕಾರರ ಮನೆಯೂ ಇದೆ. ಅಲ್ಲೂ ಇದೇ ಪ್ರಶ್ನೆ ಹಾಕಿಕೊಂಡು ಓಡಾಡಿ ನೋಡಿ, ನೀವು ನೋಡುತ್ತಿರುವುದು ಮನೆಯನ್ನೋ, ಊರನ್ನೋ ಎಂದು.

ಆ 1972ರ ಇನ್ನೊಂದು ಮುಖ ನಮ್ಮ ಹಿರಿಯರಿಗೆ ಚೆನ್ನಾಗಿ ನೆನಪಿದೆ. ಎಪ್ಪತ್ತೆರಡರ ಬರ. ದೆಹಲಿಯಲ್ಲಿ ಹಳ್ಳಿಮನೆಗಳು ಏಳುತ್ತಿದ್ದಾಗ ಮಹಾರಾಷ್ಟ್ರದ, ನಮ್ಮ ಕಡೆಯ ಹಳ್ಳಿಗಳಿಂದ ಜನ ಗಂಟುಮೂಟೆ ಕಟ್ಟಿ ಮುಂಬಯಿ, ಪುಣೆಯ ದಾರಿ ಹಿಡಿದಿದ್ದರು. ಹಾಗೆ ಬಂದವರೊಬ್ಬರು ನಮ್ಮ ಸಭೆಯಲ್ಲಿದ್ದರು. ರೋಣ ತಾಲೂಕಿನವರು, ಇಲ್ಲಿ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿ ನಿವೃತ್ತರಾದವರು. ಎಲ್ಲರಿಗೂ ಕಾಕಾ.

ಸಭೆಯಲ್ಲಿ ನಕ್ಷೆ ಹರಡಿದಾಗ ಎಲ್ಲರೂ ತಮ್ಮ ತಮ್ಮ ಊರು ಹುಡುಕಿದರು. ಅಗಸಿಗೆ ಯಾರ ಹೆಸರು, ವಾಡೆಯ ಮುಂದೆ ಯಾರ ಸ್ಟಾಲು ಎಂದು ಹಂಚಿಕೆಯೂ ನಡೆಯಿತು. ಖಾಲಿ ಪಟ್ಟಿಯಲ್ಲಿ ನಾನು ಪೆನ್ಸಿಲಿನಲ್ಲಿ ‘ಇಲ್ಲಿ ಏನು?’ ಎಂದು ಬರೆದಿದ್ದೆ. ಅದರ ಮೇಲೆ ಚಹಾದ ಕಪ್ಪುಗಳು ಬಂದು ಕೂತವು. ಕಾಕಾ ಎರಡು ಕಪ್ಪು ಸರಿಸಿ ಕೇಳಿದರು.

‘ತಂಗೀ, ನಮ್ಮನಿ ಇದರಾಗ ಎಲ್ಲಿ ಬರ್ತದವ್ವಾ?’

ಅವರ ಕೇರಿ ಅಗಸಿಯ ಹೊರಗೆ. ನಮ್ಮ ಅಳತೆಯಲ್ಲಿ ಅದು ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಬರುತ್ತಿತ್ತು.

‘ಕಾಕಾ, ಹಬ್ಬದಾಗ ಆ ಮಾತು ಯಾಕ್ರೀ ಈಗ’ ಅಂದರು ಸಮಿತಿಯ ಒಬ್ಬರು, ಮೆತ್ತಗೇ.

‘ನಾ ಏನ್ ಜಗಳಾ ತಗದಿಲ್ಲಪಾ. ಊರಿನ ನಕ್ಷಾ ಅಂದ್ರಿ, ಅದಕ್ಕ ಕೇಳಿದ್ಯಾ.’

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ನಮ್ಮ ಮಂಟಪದಲ್ಲಿ ಜಾತಿ ಇಲ್ಲ, ಹಾಗಾಗಿ ಕೇರಿಯೂ ಇಲ್ಲ ಎಂದರು ಒಬ್ಬರು. ಕೇಳಲು ಚೆನ್ನಾಗಿತ್ತು, ಆದರೆ ಅಗಸಿ ಬೇಕು, ವಾಡೆ ಬೇಕು, ಕೇರಿ ಮಾತ್ರ ಬೇಡ ಅಂದರೆ ಅದು ವಾಡೆಯವರು ನೆನಪಿಟ್ಟುಕೊಂಡ ಊರು ಆಗುತ್ತದೆ. ಹುಡುಗನೊಬ್ಬ ಉತ್ಸಾಹದಿಂದ, ‘ಒಂದು ಗುಡಿಸಲು ಹಾಕಿ ಕೇರಿನೂ ತೋರಿಸೋಣ, ಹಲಗಿ ಬಾರಿಸೋರನ್ನ ಕರೆಸೋಣ’ ಅಂದ. ಕಾಕಾ ತಲೆ ಅಲ್ಲಾಡಿಸಿದರು. ‘ನಮ್ಮನಿ ನೋಡಾಕ ಮಂದೀನ ಪಾಳಿ ಹಚ್ಚಬ್ಯಾಡ್ರಿ.’ ಮಂಡ್ಯ ಕಡೆಯ ಸದಸ್ಯೆಯೊಬ್ಬರು ತಮ್ಮ ಕಡೆಯ ಕುಳುವಾಡಿಯ ವಿಷಯ ಎತ್ತಿದರು. ಹಳೇ ಮೈಸೂರು ಸೀಮೆಯಲ್ಲಿ ಊರಗಡಿಯ ಜಗಳ ಬಂದರೆ ಹೊಲಗೇರಿಯ ಕುಳುವಾಡಿಯ ಮಾತೇ ಪ್ರಮಾಣ. ಊರ ಎಲ್ಲೆ ಎಲ್ಲಿದೆ ಎಂದು ಹೇಳುವ ಅಧಿಕಾರ ಎಲ್ಲೆಯ ಹೊರಗೆ ಇಟ್ಟವನಿಗೆ. ಆ ಮಾತು ನನ್ನ ತಲೆಯಲ್ಲಿ ಉಳಿಯಿತು.

ಹಳ್ಳಿಯನ್ನು ಮಾದರಿ ಎಂದು ಎತ್ತಿ ಹಿಡಿಯುವುದನ್ನು ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ಕಟುವಾಗಿ ಅಲ್ಲಗಳೆದಿದ್ದರು. ಸಾಂಪ್ರದಾಯಿಕ ಹಳ್ಳಿಯಿಂದ ಪ್ರೇರಣೆ ಪಡೆದೆವು ಎಂದು ನಮ್ಮ ವೃತ್ತಿಯವರು ಬರೆದುಕೊಳ್ಳುವಾಗ ಆ ಭಾಷಣ ನೆನಪಾಗುವುದು ಅಪರೂಪ. ನಾವು ನೆರಳು, ಅಂಗಳ, ಗಾಳಿ ಎನ್ನುತ್ತೇವೆ. ಅವೆಲ್ಲ ನಿಜವೇ. ಆದರೆ ಊರಿನ ನಕ್ಷೆಯಲ್ಲಿ ನೆರಳು ಎಷ್ಟು ಲೆಕ್ಕಾಚಾರದ್ದೋ ದೂರವೂ ಅಷ್ಟೇ ಲೆಕ್ಕಾಚಾರದ್ದು. ಯಾರು ಎಲ್ಲಿ ನೀರು ಸೇದಬೇಕು, ಯಾರು ಅಗಸಿಯಲ್ಲಿ ಚಪ್ಪಲಿ ಕೈಗೆ ತಗೊಳ್ಳಬೇಕು ಎಂಬುದೂ ಅದೇ ನಕ್ಷೆಯಲ್ಲಿದೆ. ಹೆಂಗಸರ ಮಾತೂ ಅಷ್ಟೇ. ನಾನು ಅಷ್ಟು ಮುತುವರ್ಜಿಯಿಂದ ಬರೆದ ಕಟ್ಟೆಯ ಮೇಲೆ ನನ್ನವ್ವ ಒಂದು ದಿನ ಕೂತವಳಲ್ಲ. ಕಟ್ಟೆ ಬಂದರೆ ಸೆರಗು ಎಳೆದುಕೊಂಡು ಬೇಗ ದಾಟುವುದು, ಇಲ್ಲವೇ ಹಿಂದಿನ ಓಣಿ ಹಿಡಿಯುವುದು.

ಮರುದಿನದಿಂದ ನಾನೂ ಕಾಕಾನೂ ಕೂತು ನಕ್ಷೆ ತಿದ್ದಿದೆವು. ಅಗಸಿಯನ್ನು ಪ್ರವೇಶದ್ವಾರದಿಂದ ಎತ್ತಿ ಓಣಿಯ ಮಧ್ಯಕ್ಕೆ, ಒಳಗೆ ಮೂವತ್ತು ಅಡಿ ಸರಿಸಿದೆ. ಬಂದವರು ಯಾರೇ ಇರಲಿ, ಮೊದಲು ಅಗಸಿಯ ಹೊರಗಿನ ನೆಲದಲ್ಲಿ ನಡೆಯಬೇಕು. ಅಲ್ಲಿ ಗುಡಿಸಲು ಇಲ್ಲ, ವೇಷ ಹಾಕಿದವರಿಲ್ಲ. ಒಂದು ಬದಿಗೆ ಆ ಕೇರಿಯ ಕೈಕೆಲಸದ ವಸ್ತುಗಳು, ಚಪ್ಪಲಿ, ಬಾರಕೋಲು, ಹಲಗಿ, ಹೊಲದ ಬಾವಿಯಿಂದ ಎತ್ತು ಕಟ್ಟಿ ನೀರೆತ್ತುವ ತೊಗಲ ಚೀಲ. ಆ ಚೀಲ ಹೊಲಿದುಕೊಟ್ಟವರಿಗೆ ಊರ ಬಾವಿ ಮುಟ್ಟುವ ಹಾಗಿರಲಿಲ್ಲ ಎಂಬುದನ್ನು ಒಂದೇ ಸಾಲಿನಲ್ಲಿ ಬರೆದಿಟ್ಟೆವು. ಇನ್ನೊಂದು ಬದಿಗೆ ಎಂಟು ಅಡಿಯ ಹತ್ತಿ ಬಟ್ಟೆಯ ಮೇಲೆ ಕಾಕಾನ ಊರಿನ ನಕ್ಷೆ.

ಅದನ್ನು ಅವರು ಮೊದಲು ಬರೆದದ್ದು ಒಂದು ಲಗ್ನಪತ್ರಿಕೆಯ ಹಿಂದೆ. ನನ್ನ ಅಳತೆಗಳು ಅಡಿಯಲ್ಲಿದ್ದವು, ಅವರವು ಹೆಜ್ಜೆಯಲ್ಲಿ. ಮನೆಯಿಂದ ಊರ ಬಾವಿಗೆ 210 ಹೆಜ್ಜೆ, ಮನೆಯಿಂದ ಹಳ್ಳದ ಒರತಿಗೆ 640. ‘ಬಾವಿಗೆ ಹೆಂಗ ಎಣಿಸಿದ್ರಿ ಕಾಕಾ, ಬಿಡ್ತಿದ್ದಿಲ್ಲಲ್ಲ?’ ಎಂದು ಕೇಳಿದೆ. ‘ರಾತ್ರಿ ಹೋಗಿ ಎಣಿಸೇನಿ, ಸಣ್ಣಾಂವ ಇದ್ದಾಗ. ಮುಟ್ಟಿಲ್ಲ, ಎಣಿಸೇನಿ ಅಷ್ಟ.’ ಎರಡೂ ಅಂಕಿಗಳನ್ನು ಹಾಗೆಯೇ ಬಟ್ಟೆಯ ಮೇಲೆ ಬರೆಸಿದೆವು.

ಬಾವಿ ಎಲ್ಲಿರಬೇಕು ಎಂಬ ವಿಷಯದಲ್ಲಿ ಅವರದು ಖಚಿತ ಮಾತು. ‘ಬಾವಿ ಸುಳ್ಳs ಮಾಡಬ್ಯಾಡ. ನಟ್ಟನಡುವ ಇಡು, ಅದರಾಗ ನೀರಿರ್ಲಿ.’ ಹಾಗಾಗಿ ಬಿದಿರಿನ ಸುತ್ತುಗಟ್ಟೆಯೊಳಗೆ ಕುಡಿಯುವ ನೀರಿನ ಟ್ಯಾಂಕು ಇಟ್ಟು, ಸುತ್ತಲೂ ನಳ ಹಾಕಿದೆವು. ಇಡೀ ಮೇಳಕ್ಕೆ ಕುಡಿಯುವ ನೀರು ಸಿಗುವುದು ಅಲ್ಲೊಂದೇ ಕಡೆ.

ಇದೆಲ್ಲ ಪುಕ್ಕಟೆ ಆಗಲಿಲ್ಲ. ಅಗಸಿಗೆ ತಮ್ಮ ಹೆಸರಿನ ಫಲಕ ಬಯಸಿದ್ದ ದಾನಿಯೊಬ್ಬರು, ಅದು ಒಳಗೆ ಹೋದದ್ದು ಗೊತ್ತಾದ ಮೇಲೆ ಕೊಡುವುದರಲ್ಲಿ ಅರ್ಧ ಕಡಿಮೆ ಮಾಡಿದರು. ವಾಡೆಯ ಕೆತ್ತನೆಯ ಕಂಬಗಳು ಆ ದುಡ್ಡಿನಲ್ಲಿ ಬರಬೇಕಿದ್ದವು, ಬರಲಿಲ್ಲ. ವಾಡೆ ಎರಡು ಬಿದಿರು, ಒಂದು ಪರದೆಗೆ ಇಳಿಯಿತು. ನೋಡಲು ಬಡವಾಗಿತ್ತು, ನಿಜ. ಸಂಘದ ವಾಟ್ಸಪ್ ಗುಂಪಿನಲ್ಲಿ ‘ಹಬ್ಬದಲ್ಲಿ ರಾಜಕಾರಣ’ ಎಂಬ ಮಾತೂ ಓಡಾಡಿತು.

ಮೂರು ದಿನ ನಾನು ಹೆಚ್ಚಾಗಿ ನಿಂತಿದ್ದು ಆ ಬಟ್ಟೆಯ ನಕ್ಷೆಯ ಆಸುಪಾಸಿನಲ್ಲೇ. ಜನ ಮೊದಲು ಅದನ್ನು ದಾರಿ ತೋರಿಸುವ ಫಲಕ ಎಂದುಕೊಂಡು ಹತ್ತಿರ ಬರುತ್ತಿದ್ದರು. ಹೆಜ್ಜೆಯ ಅಂಕಿಗಳನ್ನು ಓದಿ ಕೆಲವರು ಸುಮ್ಮನಾಗುತ್ತಿದ್ದರು, ಕೆಲವರು ‘ಈಗೆಲ್ಲ ಎಲ್ಲೈತ್ರಿ ಹಿಂಗ’ ಎನ್ನುತ್ತಿದ್ದರು. ‘ನಮ್ಮೂರಾಗ ಈಗೂ ಐತಿ’ ಎಂದು ಹಿಂದಿನಿಂದ ಇನ್ನೊಬ್ಬರು. ಒಂದು ಕುಟುಂಬ ನಕ್ಷೆ ಓದಿ ಅಗಸಿ ದಾಟಿ ಹೋಗಿ, ಒಳಬದಿಯಿಂದ ಸೆಲ್ಫಿ ತಗೊಂಡಿತು, ನಕ್ಷೆ ಫ್ರೇಮಿಗೆ ಬರದ ಹಾಗೆ. ಐಟಿ ಕೆಲಸದ ಹುಡುಗಿಯೊಬ್ಬಳು ತನ್ನಜ್ಜಿಗೆ ಫೋನು ಹಚ್ಚಿ ಅವರ ಊರಿನ ಬಾವಿ ಯಾವ ಕಡೆ, ನಮ್ಮ ಮನೆ ಯಾವ ಕಡೆ ಎಂದು ಅಲ್ಲೇ ನಿಂತು ಕೇಳಿದಳು. ಆ ಕಡೆಯಿಂದ ಏನು ಉತ್ತರ ಬಂತೋ, ಫೋನಿಟ್ಟ ಮೇಲೆ ಅವಳು ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದಳು.

ಕಟ್ಟೆ ಮಾತ್ರ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಮೂರು ಗಂಟೆಯ ನೆರಳು ಹೇಳಿದ ಜಾಗಕ್ಕೇ ಬಂತು. ಬಾವಿಯ ಪಕ್ಕದಲ್ಲಿ ಇದ್ದದ್ದರಿಂದಲೋ ಏನೋ, ನೀರು ಕುಡಿಯಲು ಬಂದ ಹೆಂಗಸರು ಅಲ್ಲೇ ಕೂತು ಚಪ್ಪಲಿ ಬಿಚ್ಚಿ ಕಾಲು ಚಾಚಿದರು. ಗಂಡಸರು ಜಾಗ ಸಿಗದೆ ರೊಟ್ಟಿಯ ಪಾಳಿಯಲ್ಲಿ ನಿಂತರು.

ನಾಲ್ಕನೆಯ ದಿನ ಸಂಜೆಯೊಳಗೆ ಮೈದಾನ ಖಾಲಿ. ಬಿದಿರು ಮೇಸ್ತ್ರಿಯ ಗೋದಾಮಿಗೆ ಹೋಯಿತು, ಅದು ಇನ್ನು ಗಣಪತಿಗೆ ಹೊರಬರುತ್ತದೆ. ಗೋಣಿತಟ್ಟು ಒಂದು ಸಸಿತೋಟದವರಿಗೆ. ಮರಳು ಚೀಲ ಎತ್ತಿದ ಜಾಗದಲ್ಲಿ ಹುಲ್ಲು ಹಳದಿಯಾಗಿತ್ತು, ಮರಕ್ಕೆ ಏನೂ ಆಗಿರಲಿಲ್ಲ. ನಕ್ಷೆಯ ಬಟ್ಟೆಯನ್ನು ಕಾಕಾ ಕೇಳಿ ತಗೊಂಡರು. ಮೊಮ್ಮಗ ಅದನ್ನು ನಾಲ್ಕು ಮಡಿಕೆ ಮಾಡಿ ಸ್ಕೂಟರಿನ ಡಿಕ್ಕಿಗೆ ತುರುಕಲು ನೋಡಿದ, ಹಿಡಿಸಲಿಲ್ಲ. ಕೊನೆಗೆ ಕಾಕಾ ಹಿಂದೆ ಕೂತು ತೊಡೆಯ ಮೇಲೆ ಇಟ್ಟುಕೊಂಡೇ ಹೋದರು.

ಮುಂದಿನ ವರ್ಷಕ್ಕೆ ಮಲೆನಾಡಿನ ಮಾದರಿ ಬೇಕಂತೆ. ಅಲ್ಲಿ ಅಗಸಿಯೇ ಇಲ್ಲ. ಮನೆಗಳು ಒಂದೊಂದು ಅಡಿಕೆ ತೋಟದ ತಲೆಗೆ ಒಂದೊಂದಾಗಿ ಚೆದುರಿಕೊಂಡಿರುತ್ತವೆ. ಅಂಥಲ್ಲಿ ಒಳಗು, ಹೊರಗು ಎಲ್ಲಿಂದ ಎಲ್ಲಿಗೆ, ಅಂಗಳದ ಯಾವ ಕಲ್ಲಿನವರೆಗೆ ಯಾರು ಬರಬಹುದಿತ್ತು ಎಂದು ಆ ಕಡೆಯವರನ್ನು ಈಗಿನಿಂದಲೇ ಕೇಳಲು ಶುರು ಮಾಡಿದ್ದೇನೆ. ಸಾಗರ, ತೀರ್ಥಹಳ್ಳಿ, ಶಿರಸಿ ಸುತ್ತಮುತ್ತಲವರು ಈ ಪತ್ರಿಕೆಯ ಓದುಗರಲ್ಲಿದ್ದರೆ ನಿಮ್ಮ ಮನೆಯ ಹಿರಿಯರಿಂದ ಒಂದು ಕಾಗದದ ಮೇಲೆ ಬರೆಸಿ ಕಳಿಸಿ. ಅಳತೆ ಹೆಜ್ಜೆಯಲ್ಲಿದ್ದರೂ ನಡೆಯುತ್ತದೆ.